ಒಡೆಯುತ್ತದೆಂದು ಗೊತ್ತು, ಎಲ್ಲೆಂದು ಗೊತ್ತಿಲ್ಲ

14,75,73,95,25,89,67,64,12,927.

ಇಪ್ಪತ್ತೊಂದು ಅಂಕಿಯ ಸಂಖ್ಯೆ. ನಮ್ಮ ಎಣಿಕೆಯಲ್ಲಿ ಹೇಳುವುದಾದರೆ ಸುಮಾರು ಹದಿನಾಲ್ಕು ಮುಕ್ಕಾಲು ಲಕ್ಷ ಕೋಟಿ ಕೋಟಿ. ಅರವತ್ತೇಳು ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದ ಉತ್ತರದಲ್ಲಿ ಒಂದನ್ನು ಕಳೆದರೆ ಇದು ಸಿಗುತ್ತದೆ. ಆದ್ದರಿಂದ 2⁶⁷ − 1 ಎಂದು ಬರೆದರೂ ಸಾಕು. 1644ರಲ್ಲಿ ಫ್ರಾನ್ಸಿನ ಪಾದ್ರಿ ಮರೆನ್ ಮರ್ಸೆನ್ ಇದು ಅವಿಭಾಜ್ಯ ಎಂದು ಬರೆದರು. 1876ರಲ್ಲಿ ಗಣಿತಜ್ಞ ಎದ್ವಾರ್ ಲ್ಯೂಕಾ ‘ಅಲ್ಲ, ಇದು ಸಂಯುಕ್ತ ಸಂಖ್ಯೆ’ ಎಂದು ತೋರಿಸಿದರು. ಹಾಗಾದರೆ ಇದನ್ನು ಭಾಗಿಸುವ ಸಂಖ್ಯೆ ಯಾವುದು? ಅದು ಲ್ಯೂಕಾ ಅವರಿಗೂ ಗೊತ್ತಿರಲಿಲ್ಲ. ಜಗತ್ತಿಗೆ ಅದು ತಿಳಿದದ್ದು 1903ರಲ್ಲಿ.

ನಡುವಿನ ಆ ಇಪ್ಪತ್ತೇಳು ವರ್ಷಗಳೇ ಈ ಲೇಖನದ ವಸ್ತು. ಒಂದು ಸಂಖ್ಯೆ ಒಡೆಯುತ್ತದೆ ಎಂದು ತಿಳಿಯುವುದು ಬೇರೆ, ಎಲ್ಲಿ ಒಡೆಯುತ್ತದೆ ಎಂದು ತಿಳಿಯುವುದು ಬೇರೆ. ಶಾಲೆಯಲ್ಲಿ ಈ ವ್ಯತ್ಯಾಸ ನಮಗೆ ಕಾಣುವುದೇ ಇಲ್ಲ. 91 ಅವಿಭಾಜ್ಯವಲ್ಲ, ಯಾಕೆಂದರೆ ಅದು 7 × 13. ಅಲ್ಲಿ ಅಪವರ್ತನವೇ ಸಾಕ್ಷಿ. ಸಂಖ್ಯೆ ದೊಡ್ಡದಾಗುತ್ತ ಹೋದಂತೆ ಸಾಕ್ಷಿ ಮತ್ತು ಅಪವರ್ತನ ಬೇರೆಬೇರೆಯಾಗುತ್ತವೆ, ಅವುಗಳ ನಡುವಿನ ಅಂತರ ಬೆಳೆಯುತ್ತದೆ. ದೊಡ್ಡ ಪೂರ್ಣಾಂಕಗಳ ಬಗ್ಗೆ ಮನುಷ್ಯ ಕಲಿತದ್ದರಲ್ಲಿ ಇದಕ್ಕಿಂತ ಆಳವಾದ ಸಂಗತಿ ಇಲ್ಲ ಎಂದು ನನಗೆ ಅನಿಸುತ್ತದೆ.

ದೊಡ್ಡ ಸಂಖ್ಯೆಯ ಗುಣ ಎಂದಾಗ ಮೊದಲು ಕಣ್ಣಿಗೆ ಬೀಳುವುದು ಅಂಕಿಗಳ ಜೋಡಣೆ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ತಮ್ಮ ‘ಗಣಿತಸಾರಸಂಗ್ರಹ’ದಲ್ಲಿ ಇಂಥ ಜೋಡಣೆಗಳನ್ನು ಪ್ರೀತಿಯಿಂದ ಕೂಡಿಸಿಟ್ಟಿದ್ದಾರೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ, ಹಾರದಂತೆ ಪೋಣಿಸಿಕೊಂಡ ಗುಣಲಬ್ಧಗಳು ಅವು. 2,79,94,681 ಅನ್ನು 441ರಿಂದ ಗುಣಿಸಿದರೆ 12345654321 ಬರುತ್ತದೆ. ಈ ಹಾರದ ಗುಟ್ಟು ತಿಳಿಯಬೇಕಾದರೆ ಅದು 111111ರ ವರ್ಗ ಎಂಬುದನ್ನು ಗಮನಿಸಬೇಕು. ಆರು ಒಂದುಗಳನ್ನು ಎರಡೆರಡಾಗಿ ಕಟ್ಟಿದರೆ 11 × 10101. ಮೂರು ಮೂರಾಗಿ ಕಟ್ಟಿದರೆ 111 × 1001. ಹೀಗೆ ಒಡೆಯುತ್ತ ಹೋದರೆ 3 × 7 × 11 × 13 × 37. ಆರು ಎಂಬುದು ಸಮಪಾಲಾಗುವುದರಿಂದಲೇ ಆ ಸಾಲೂ ಸುಲಭವಾಗಿ ಪಾಲಾಗುತ್ತದೆ.

2⁶⁷ − 1ಕ್ಕೂ ಇಂಥದೇ ರೂಪವಿದೆ. ದ್ವಿಮಾನ ಪದ್ಧತಿಯಲ್ಲಿ ಬರೆದರೆ ಅದು ಅರವತ್ತೇಳು ಒಂದುಗಳ ಸಾಲು, ಬೇರೇನೂ ಇಲ್ಲ. ಆದರೆ 67 ಅವಿಭಾಜ್ಯವಾದ್ದರಿಂದ ಆ ಸಾಲನ್ನು ಸಮನಾದ ಕಟ್ಟುಗಳಾಗಿ ಹಂಚಲು ಬರುವುದಿಲ್ಲ. ಸುಲಭದ ದಾರಿ ಅಲ್ಲಿಗೆ ಮುಚ್ಚಿತು. ಹಾಗೆಂದು ಸಂಖ್ಯೆ ಅವಿಭಾಜ್ಯವೇ ಆಗಬೇಕೆಂದೇನೂ ಇಲ್ಲ. 11 ಅವಿಭಾಜ್ಯ, ಆದರೂ 2¹¹ − 1, ಅಂದರೆ 2047, 23 × 89 ಆಗಿ ಒಡೆಯುತ್ತದೆ. ಅಂಕಿಗಳ ಸೊಬಗು ಹತ್ತರ ಪದ್ಧತಿಗೆ ಸೇರಿದ್ದು, ಬೇರೆ ಪದ್ಧತಿಯಲ್ಲಿ ಬರೆದರೆ ಮಾಯವಾಗುತ್ತದೆ. ಅಪವರ್ತನಗಳು ಸಂಖ್ಯೆಗೇ ಸೇರಿದವು, ಹೇಗೆ ಬರೆದರೂ ಉಳಿಯುತ್ತವೆ. ಮುಂದೆ ಅವುಗಳ ಮಾತನ್ನಷ್ಟೇ ಆಡುತ್ತೇನೆ.

ಚದುರಂಗದ ಮನೆಗಳಲ್ಲಿ ಒಂದು, ಎರಡು, ನಾಲ್ಕು ಎಂದು ಇಮ್ಮಡಿಸುತ್ತ ಕಾಳು ಇಡುವ ಕತೆ ಎಲ್ಲರಿಗೂ ಗೊತ್ತು. ಅರವತ್ತನಾಲ್ಕು ಮನೆ ತುಂಬಿದಾಗ ಕಾಳುಗಳು 2⁶⁴ − 1, ಅಂದರೆ 1,84,46,74,40,73,70,95,51,615. ಅದನ್ನು ಒಡೆಯುವುದು ಅಷ್ಟೇನೂ ಕಷ್ಟವಲ್ಲ, ಯಾಕೆಂದರೆ 64ನ್ನು ಮತ್ತೆ ಮತ್ತೆ ಅರ್ಧ ಮಾಡಬಹುದು. 3, 5, 17, 257, 65537 ಎಂಬ ಅವಿಭಾಜ್ಯಗಳು ಒಂದೊಂದಾಗಿ ಉದುರಿದ ಮೇಲೆ ಉಳಿಯುವುದು 2³² + 1, ಅಂದರೆ 4,29,49,67,297. ಹದಿನೇಳನೆಯ ಶತಮಾನದಲ್ಲಿ ಪಿಯರ್ ದ ಫರ್ಮಾ ಈ ಸಾಲಿನ ಸಂಖ್ಯೆಗಳೆಲ್ಲ ಅವಿಭಾಜ್ಯಗಳೇ ಎಂದು ನಂಬಿದ್ದರು. 1732ರಲ್ಲಿ ಲಿಯೊನಾರ್ಡ್ ಆಯ್ಲರ್ ಆ ನಂಬಿಕೆಯನ್ನು ಮುರಿದರು: ಅದು 641 × 67,00,417.

ಆಯ್ಲರ್ ಸಿಕ್ಕ ಸಿಕ್ಕ ಸಂಖ್ಯೆಯಿಂದ ಭಾಗಿಸುತ್ತ ಕೂರಲಿಲ್ಲ. 2³² + 1ನ್ನು ಭಾಗಿಸುವ ಯಾವುದೇ ಅವಿಭಾಜ್ಯವನ್ನು 64ರಿಂದ ಭಾಗಿಸಿದರೆ ಶೇಷ 1 ಉಳಿಯಲೇಬೇಕು ಎಂದು ಅವರು ಕಂಡುಕೊಂಡರು. ಹಾಗೆ ನೋಡಿದರೆ ಪರೀಕ್ಷಿಸಬೇಕಾದವು 193, 257, 449, 577, ಆಮೇಲೆ 641. ಐದನೆಯದೇ ಸರಿಹೋಯಿತು. ಅದು ಸರಿ ಎಂದು ಭಾಗಾಕಾರವನ್ನೇ ಮಾಡದೆ ಮನಗಾಣಬಹುದು. 641 ಎಂದರೆ 5 × 2⁷ + 1. ಹಾಗೆಯೇ 5⁴ + 2⁴ ಕೂಡ ಹೌದು. ಮೊದಲನೆಯದರ ಪ್ರಕಾರ 641ರ ಲೆಕ್ಕದಲ್ಲಿ 5 × 2⁷ ಎಂಬುದು −1ಕ್ಕೆ ಸಮ, ಅದರ ನಾಲ್ಕನೆಯ ಘಾತವಾದ 5⁴ × 2²⁸ ಎಂಬುದು 1ಕ್ಕೆ ಸಮ. ಎರಡನೆಯದರ ಪ್ರಕಾರ 5⁴ರ ಜಾಗದಲ್ಲಿ −2⁴ ಇಡಬಹುದು. ಇಟ್ಟರೆ −2³² ಎಂಬುದು 1ಕ್ಕೆ ಸಮ. ಅಂದರೆ 2³² + 1ರಲ್ಲಿ ಶೇಷ ಸೊನ್ನೆ. ಹತ್ತಂಕಿಯ ಸಂಖ್ಯೆಯೊಂದು ಮೂರು ಸಾಲಿನಲ್ಲಿ ಬಾಗಿಲು ತೆರೆಯುವುದನ್ನು ನೋಡಿದಾಗ ಆಗುವ ಸಂತೋಷಕ್ಕೆ ಗಣಿತ ಓದಿರಬೇಕೆಂದೂ ಇಲ್ಲ.

ಮರ್ಸೆನ್ ಅವರ ಪಟ್ಟಿಗೆ ಬರೋಣ. ಒಂದು ಕಡಿಮೆಯಾದ ಎರಡರ ಘಾತಗಳಲ್ಲಿ 257ನೇ ಘಾತದವರೆಗೆ ಯಾವುವು ಅವಿಭಾಜ್ಯ ಎಂದು ಅವರು ಘಾತಾಂಕಗಳ ಪಟ್ಟಿಯನ್ನೇ ಕೊಟ್ಟಿದ್ದರು: 2, 3, 5, 7, 13, 17, 19, 31, 67, 127, 257. ಇದರಲ್ಲಿ ಆಸಕ್ತಿ ಹುಟ್ಟಲು ಯೂಕ್ಲಿಡ್ ಕಾರಣ. ಇಂಥ ಅವಿಭಾಜ್ಯ ಒಂದೊಂದು ಸಿಕ್ಕಿದಾಗಲೂ 6, 28, 496ರಂತಹ, ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತಕ್ಕೆ ಸಮನಾದ, ಪರಿಪೂರ್ಣ ಸಂಖ್ಯೆಯೊಂದು ಸಿಗುತ್ತದೆ ಎಂದು ಅವರು ಸಾಧಿಸಿದ್ದರು. ಮರ್ಸೆನ್ ಪಟ್ಟಿಯಲ್ಲಿ 67, 257 ಇರಬಾರದಿತ್ತು. 61, 89, 107 ಇರಬೇಕಿತ್ತು. ಇದನ್ನೆಲ್ಲ ತಿದ್ದಿ ಮುಗಿಸಲು ಸುಮಾರು ಮುನ್ನೂರು ವರ್ಷ ಹಿಡಿಯಿತು.

ಅಷ್ಟು ಕಾಲ ಹಿಡಿದದ್ದರ ಕಾರಣ ಸರಳ. ಭಾಗಿಸಿ ನೋಡುವುದೊಂದೇ ದಾರಿಯಾಗಿದ್ದರೆ ಇಪ್ಪತ್ತೊಂದು ಅಂಕಿಯ ಸಂಖ್ಯೆಗೆ ಮನುಷ್ಯನ ಆಯಸ್ಸು ಸಾಲದು. ಲ್ಯೂಕಾ ಬೇರೆ ದಾರಿ ತೆರೆದರು; ಇಪ್ಪತ್ತನೆಯ ಶತಮಾನದಲ್ಲಿ ಡೆರಿಕ್ ಹೆನ್ರಿ ಲೆಹ್ಮರ್ ಅದನ್ನು ಇನ್ನಷ್ಟು ನೇರವಾಗಿಸಿದರು. ಕ್ರಮ ಹೀಗಿದೆ: 4ರಿಂದ ಹೊರಡಿ. ಅದರ ವರ್ಗ ಮಾಡಿ, 2 ಕಳೆಯಿರಿ, ಪರೀಕ್ಷೆಗಿಟ್ಟ ಸಂಖ್ಯೆಯಿಂದ ಭಾಗಿಸಿ ಶೇಷವನ್ನಷ್ಟೇ ಇಟ್ಟುಕೊಳ್ಳಿ. ಮತ್ತೆ ಅದನ್ನೇ ಮಾಡಿ. ಘಾತಾಂಕಕ್ಕಿಂತ ಎರಡು ಕಡಿಮೆ ಸಲ ಮಾಡಿದ ಮೇಲೆ ಸೊನ್ನೆ ಬಂದರೆ ಸಂಖ್ಯೆ ಅವಿಭಾಜ್ಯ, ಬಾರದಿದ್ದರೆ ಅಲ್ಲ.

2⁷ − 1, ಅಂದರೆ 127ಕ್ಕೆ ಇದನ್ನು ಹಚ್ಚಿ ನೋಡಿ: 4, 14, 67, 42, 111, 0. ಐದು ಹೆಜ್ಜೆಗೆ ಸೊನ್ನೆ, 127 ಅವಿಭಾಜ್ಯ. ಈಗ 2047ಕ್ಕೆ: 4, 14, 194, 788, 701, 119, 1877, 240, 282, 1736. ಒಂಬತ್ತು ಹೆಜ್ಜೆಯಾಯಿತು, ಸೊನ್ನೆ ಬರಲಿಲ್ಲ. 2047 ಒಡೆಯುವ ಸಂಖ್ಯೆ ಎಂಬುದರಲ್ಲಿ ಇನ್ನು ಸಂಶಯವಿಲ್ಲ. ಆದರೆ ಆ ಕೊನೆಯ 1736ನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಅದರಲ್ಲಿ 23ರ ಸುಳಿವಾಗಲಿ 89ರ ಸುಳಿವಾಗಲಿ ಸಿಗುವುದಿಲ್ಲ. ಪರೀಕ್ಷೆ ತೀರ್ಪು ಕೊಟ್ಟಿತು, ಕಾರಣ ಕೊಡಲಿಲ್ಲ. 1876ರಲ್ಲಿ ಲ್ಯೂಕಾ 2⁶⁷ − 1ರ ಮುಂದೆ ನಿಂತದ್ದು ಇದೇ ಸ್ಥಿತಿಯಲ್ಲಿ. ಅದೇ ವರ್ಷ ಅವರು 2¹²⁷ − 1 ಅವಿಭಾಜ್ಯ ಎಂದೂ ಸಾಧಿಸಿದರು. ಮೂವತ್ತೊಂಬತ್ತು ಅಂಕಿಯ ಆ ಸಂಖ್ಯೆಯೇ ಮುಂದೆ ಎಪ್ಪತ್ತೈದು ವರ್ಷ ಗೊತ್ತಿದ್ದ ಅತಿ ದೊಡ್ಡ ಅವಿಭಾಜ್ಯವಾಗಿತ್ತು.

1903ರ ಅಕ್ಟೋಬರ್ 31ರಂದು ನ್ಯೂಯಾರ್ಕಿನಲ್ಲಿ ಅಮೆರಿಕನ್ ಮ್ಯಾಥಮೆಟಿಕಲ್ ಸೊಸೈಟಿಯ ಸಭೆ. ಫ್ರ್ಯಾಂಕ್ ನೆಲ್ಸನ್ ಕೋಲ್ ದೊಡ್ಡ ಸಂಖ್ಯೆಗಳ ಅಪವರ್ತನದ ಬಗ್ಗೆ ಪ್ರಬಂಧ ಮಂಡಿಸಬೇಕಿತ್ತು. ಗಣಿತದವರ ಕತೆಗಳನ್ನು ರಸವತ್ತಾಗಿ ಬರೆದ ಎರಿಕ್ ಟೆಂಪಲ್ ಬೆಲ್ ಹೇಳುವಂತೆ, ಕೋಲ್ ಒಂದು ಮಾತೂ ಆಡದೆ ಹಲಗೆಯ ಬಳಿ ಹೋಗಿ 2ರ 67ನೇ ಘಾತವನ್ನು ಲೆಕ್ಕ ಮಾಡಿ ಒಂದು ಕಳೆದರು. ಪಕ್ಕದಲ್ಲಿ 19,37,07,721 ಮತ್ತು 7,61,83,82,57,287 ಎಂಬ ಎರಡು ಸಂಖ್ಯೆ ಬರೆದು ಸಾಲು ಸಾಲಾಗಿ ಗುಣಿಸಿದರು. ಎರಡು ಉತ್ತರಗಳೂ ಒಂದೇ ಆದವು. ಕೋಲ್ ತಮ್ಮ ಜಾಗಕ್ಕೆ ಹೋಗಿ ಕೂತರು, ಸಭೆ ಚಪ್ಪಾಳೆ ತಟ್ಟಿತು. ಎಷ್ಟು ಸಮಯ ಹಿಡಿಯಿತು ಎಂದು ಮುಂದೆ ಬೆಲ್ ಕೇಳಿದಾಗ ಮೂರು ವರ್ಷದ ಭಾನುವಾರಗಳು ಎಂಬ ಉತ್ತರ ಬಂತಂತೆ. ಬೆಲ್ ಸ್ವಲ್ಪ ಬಣ್ಣ ಹಚ್ಚಿರಬಹುದು. ಗುಣಾಕಾರಕ್ಕೆ ಮಾತ್ರ ಬಣ್ಣ ಬೇಕಿಲ್ಲ. ಕಾಗದ ಪೆನ್ನು ಹಿಡಿದು ಕೂತರೆ ಯಾರು ಬೇಕಾದರೂ ಅದನ್ನು ಒಂದೇ ಕೂರಿಕೆಯಲ್ಲಿ ಪರಿಶೀಲಿಸಬಹುದು.

ಆ ಭಾನುವಾರಗಳು ಎಲ್ಲಿ ಹೋದವು? 2⁶⁷ − 1ರ ಯಾವುದೇ ಅವಿಭಾಜ್ಯ ಅಪವರ್ತನವನ್ನು 134ರಿಂದ ಭಾಗಿಸಿದರೆ ಶೇಷ 1 ಬರಬೇಕು, 8ರಿಂದ ಭಾಗಿಸಿದರೆ 1 ಅಥವಾ 7 ಬರಬೇಕು. ಇಷ್ಟು ಜಾಲಿಸಿದ ಮೇಲೂ ಚಿಕ್ಕ ಅಪವರ್ತನ ಸಿಗುವ ಮೊದಲು ಏಳು ಲಕ್ಷಕ್ಕೂ ಮಿಕ್ಕಿದ ಸಂಖ್ಯೆಗಳು ಉಳಿಯುತ್ತವೆ. ಕೋಲ್ ವರ್ಗಶೇಷಗಳ ಸಿದ್ಧಾಂತ ಬಳಸಿ ಅವನ್ನು ಇನ್ನೂ ಜಾಲಿಸಿದರು. ದಾರಿ ಎಷ್ಟು ಜಾಣತನದ್ದಾದರೂ ಅದು ಹುಡುಕಾಟವೇ.

ಒಡೆಯುತ್ತದೆಯೇ ಎಂಬ ಪ್ರಶ್ನೆಯ ಕಡೆಗಂತೂ ಇಪ್ಪತ್ತನೆಯ ಶತಮಾನ ಅದ್ಭುತವಾಗಿ ಸಾಗಿತು. ಫರ್ಮಾ ಅವರದೇ ಹಳೆಯ ಪ್ರಮೇಯವೊಂದು ಅಡಿಪಾಯವಾಯಿತು: 2ನ್ನು ಬಿಟ್ಟು ಯಾವುದೇ ಅವಿಭಾಜ್ಯವನ್ನು ತೆಗೆದುಕೊಂಡು, ಅದಕ್ಕಿಂತ ಒಂದು ಕಡಿಮೆ ಘಾತಕ್ಕೆ 2ನ್ನು ಏರಿಸಿ, ಆ ಅವಿಭಾಜ್ಯದಿಂದಲೇ ಭಾಗಿಸಿದರೆ ಶೇಷ 1. ಶೇಷ ಬೇರೆ ಬಂದರೆ ಸಂಖ್ಯೆ ಖಂಡಿತ ಸಂಯುಕ್ತ. 1 ಬಂದರೆ ಮಾತ್ರ ಎಚ್ಚರ ಬೇಕು, ಯಾಕೆಂದರೆ ವೇಷ ಹಾಕುವ ಸಂಖ್ಯೆಗಳಿವೆ. 341 ಎಂದರೆ 11 × 31, ಆದರೂ ಅದು ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತದೆ. ರಾಮಾನುಜನ್ ಮತ್ತು ಹಾರ್ಡಿಯವರ ಟ್ಯಾಕ್ಸಿಯಿಂದ ಎಲ್ಲರಿಗೂ ಪರಿಚಿತವಾದ 1729 ಇನ್ನೂ ಗಟ್ಟಿ ವೇಷಗಾರ. ಅದು 7 × 13 × 19. 2ರ ಬದಲು 3, 5, 10 ಹೀಗೆ ಅದರೊಂದಿಗೆ ಅಪವರ್ತನ ಹಂಚಿಕೊಳ್ಳದ ಯಾವ ಸಂಖ್ಯೆಯನ್ನು ತೆಗೆದುಕೊಂಡರೂ ಶೇಷ 1 ಬರುತ್ತದೆ. ಎರಡು ಬಗೆಯಲ್ಲಿ ಎರಡು ಘನಗಳ ಮೊತ್ತವಾಗುವುದಕ್ಕಿಂತ 1729ರ ಈ ಗುಣವೇ ನನಗೆ ಹೆಚ್ಚು ಮಹತ್ವದ್ದೆನಿಸುತ್ತದೆ.

ಗ್ಯಾರಿ ಮಿಲ್ಲರ್ ಮತ್ತು ಮೈಕೆಲ್ ರಬಿನ್ 1970ರ ದಶಕದಲ್ಲಿ ಈ ಪರೀಕ್ಷೆಯನ್ನು ಬಿಗಿ ಮಾಡಿದರು. ಅವರ ಪರೀಕ್ಷೆಯಲ್ಲಿ ಸಂಯುಕ್ತ ಸಂಖ್ಯೆಯೊಂದು ಒಂದು ಸುತ್ತು ತಪ್ಪಿಸಿಕೊಳ್ಳುವ ಸಂಭವ ಹೆಚ್ಚೆಂದರೆ ನಾಲ್ಕರಲ್ಲಿ ಒಂದು. ಇಪ್ಪತ್ತು ಸುತ್ತು ಹಾಕಿದರೆ ಆ ಸಂಭವ ಲಕ್ಷ ಕೋಟಿಯಲ್ಲಿ ಒಂದಕ್ಕಿಂತಲೂ ಕಡಿಮೆ. ಆದರೂ ಅದು ಸಂಭವದ ಮಾತು. ಸಂಭವವಿಲ್ಲದೆ, ಯಾವ ಊಹೆಯನ್ನೂ ಆತುಕೊಳ್ಳದೆ, ಎಲ್ಲ ಸಂಖ್ಯೆಗಳಿಗೂ ಸಲ್ಲುವ ವೇಗದ ಪರೀಕ್ಷೆ ಇದೆಯೇ? ಇದೆ ಎಂದು 2002ರ ಆಗಸ್ಟ್‌ನಲ್ಲಿ ಕಾನ್ಪುರದ ಐಐಟಿಯಿಂದ ಉತ್ತರ ಬಂತು. ಮಣೀಂದ್ರ ಅಗ್ರವಾಲ್ ಮತ್ತು ಅದೇ ವರ್ಷ ಬಿ.ಟೆಕ್. ಮುಗಿಸಿದ್ದ ಅವರ ವಿದ್ಯಾರ್ಥಿಗಳಾದ ನೀರಜ್ ಕಯಾಲ್, ನಿತಿನ್ ಸಕ್ಸೇನಾ ಕೊಟ್ಟ ಉತ್ತರ ಅದು. ಕಯಾಲ್ ಮುಂದೆ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ಸಂಶೋಧಕರಾದರು. ಪ್ರಬಂಧದ ಗಣಿತವನ್ನು ಒಳ್ಳೆಯ ಪದವಿ ವಿದ್ಯಾರ್ಥಿ ಓದಿ ಅರ್ಥಮಾಡಿಕೊಳ್ಳಬಲ್ಲ. ಇಷ್ಟು ದೊಡ್ಡ ಪ್ರಶ್ನೆಗೆ ಇಷ್ಟು ತಿಳಿಯಾದ ಉತ್ತರ ಇದ್ದೀತೆಂದು ಯಾರೂ ಎಣಿಸಿರಲಿಲ್ಲ. 2006ರಲ್ಲಿ ಅವರಿಗೆ ಗೋಡೆಲ್ ಪ್ರಶಸ್ತಿ ಸಂದಿತು. ಆದರೆ ಈ ಪರೀಕ್ಷೆಯೂ ಲ್ಯೂಕಾ ಅವರದರಂತೆಯೇ: ಅಲ್ಲ ಎಂದಷ್ಟೇ ಹೇಳುತ್ತದೆ, ಅಪವರ್ತನವನ್ನು ಕೈಗಿಡುವುದಿಲ್ಲ.

ಅಪವರ್ತನ ಬೇಕೆಂದರೆ ಇನ್ನೊಂದು ದಾರಿ ಹಿಡಿಯಬೇಕು. ಅದರ ಬೀಜವೂ ಫರ್ಮಾ ಅವರದೇ: ಸಂಖ್ಯೆಯನ್ನು ಎರಡು ವರ್ಗಗಳ ವ್ಯತ್ಯಾಸವಾಗಿ ಬರೆಯುವುದು. 2047ರ ವರ್ಗಮೂಲ 45ಕ್ಕಿಂತ ತುಸು ಹೆಚ್ಚು. 46ರಿಂದ ಹೊರಟು ಒಂದೊಂದರ ವರ್ಗದಲ್ಲೂ 2047 ಕಳೆಯುತ್ತ ಹೋದರೆ 56ಕ್ಕೆ ಬಂದಾಗ 1089 ಉಳಿಯುತ್ತದೆ, ಅದು 33ರ ವರ್ಗ. ಅಲ್ಲಿಗೆ 2047 ಎಂದರೆ 56 − 33 ಮತ್ತು 56 + 33ರ ಗುಣಲಬ್ಧ: 23, 89.

ಇಷ್ಟು ಕಾಯುವುದು ಬೇಡವೆಂದು ಬೆಲ್ಜಿಯಂನ ಮಾರಿಸ್ ಕ್ರೈಚಿಕ್ 1920ರ ದಶಕದಲ್ಲಿ ತೋರಿಸಿದರು. ವ್ಯತ್ಯಾಸ 2047ಕ್ಕೇ ಸಮವಾಗಬೇಕಿಲ್ಲ, ಅದರ ಗುಣಕವಾದರೆ ಸಾಕು. 47ರ ವರ್ಗದಿಂದ 2047 ಕಳೆದರೆ 162. 64ರ ವರ್ಗವನ್ನು 2047ರಿಂದ ಭಾಗಿಸಿದರೆ ಶೇಷ 2. ಎರಡೂ ಒಂಟಿಯಾಗಿ ವರ್ಗಗಳಲ್ಲ. ಗುಣಿಸಿದರೆ 324, ಅದು 18ರ ವರ್ಗ! 47 × 64ನ್ನು 2047ರಿಂದ ಭಾಗಿಸಿದ ಶೇಷ 961. 961ರಿಂದ 18 ಕಳೆದರೆ 943. ಅದಕ್ಕೂ 2047ಕ್ಕೂ ಇರುವ ಮಹತ್ತಮ ಸಾಮಾನ್ಯ ಅಪವರ್ತನ 23. ವರ್ಗವಾಗದ ಶೇಷಗಳನ್ನು ರಾಶಿ ಹಾಕಿ, ಯಾವುವನ್ನು ಒಂದಕ್ಕೊಂದು ಗುಣಿಸಿದರೆ ವರ್ಗವಾಗುತ್ತದೆ ಎಂದು ಹುಡುಕುವ ಈ ಉಪಾಯವೇ ಕಾರ್ಲ್ ಪೊಮರೆನ್ಸ್ ಅವರ ವರ್ಗ ಜರಡಿಗೂ, ಜಾನ್ ಪೊಲಾರ್ಡ್ ಅವರ ಯೋಚನೆಯಿಂದ ಬೆಳೆದ ಸಂಖ್ಯಾಕ್ಷೇತ್ರ ಜರಡಿಗೂ ಬೆನ್ನೆಲುಬು. ಇಂದು ದೊಡ್ಡ ಸಂಖ್ಯೆಗಳು ಒಡೆಯುವುದು ಹೀಗೆಯೇ.

ಗುಣಿಸುವುದು ಸುಲಭ, ಮರಳಿ ಒಡೆಯುವುದು ಕಷ್ಟ ಎಂಬುದನ್ನು ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ 1874ರಷ್ಟು ಹಿಂದೆಯೇ ಎತ್ತಿ ಹೇಳಿದ್ದರು. ಯಾವ ಎರಡು ಸಂಖ್ಯೆ ಗುಣಿಸಿದರೆ 8,61,64,60,799 ಬರುತ್ತದೆ ಎಂದು ತಮ್ಮ ಪುಸ್ತಕದಲ್ಲಿ ಕೇಳಿ, ತನ್ನನ್ನು ಬಿಟ್ಟು ಬೇರೆ ಯಾರಿಗೂ ಅದು ತಿಳಿಯಲಾರದು ಎಂಬರ್ಥದಲ್ಲಿ ಬರೆದರು. ಉತ್ತರ 89,681 × 96,079. ನೂರು ವರ್ಷದ ಮೇಲೆ, 1977ರಲ್ಲಿ, ರೊನಾಲ್ಡ್ ರಿವೆಸ್ಟ್, ಅದಿ ಶಮೀರ್, ಲಿಯೊನಾರ್ಡ್ ಏಡಲ್‌ಮನ್ ಇದೇ ಕಷ್ಟವನ್ನು ಬೀಗವನ್ನಾಗಿ ಮಾಡಿದರು. ಅದೇ ಆರ್‌ಎಸ್‌ಎ ಪದ್ಧತಿ. ಎರಡು ದೊಡ್ಡ ಅವಿಭಾಜ್ಯಗಳ ಗುಣಲಬ್ಧವನ್ನು ಎಲ್ಲರಿಗೂ ತೋರಿಸಬಹುದು; ಅಪವರ್ತನ ಗೊತ್ತಿದ್ದವರಷ್ಟೇ ಗುಪ್ತ ಸಂದೇಶ ಓದಬಲ್ಲರು. ಇದು ನಡೆಯುವುದು ಎರಡು ವಿದ್ಯೆಗಳ ನಡುವಿನ ಅಂತರದಿಂದಲೇ. ನೂರಾರು ಅಂಕಿಯ ಅವಿಭಾಜ್ಯವನ್ನು ಗುರುತಿಸುವುದು ಸುಲಭವಾಗಿರದಿದ್ದರೆ ಬೀಗ ತಯಾರಾಗುತ್ತಿರಲಿಲ್ಲ. ಗುಣಲಬ್ಧವನ್ನು ಒಡೆಯುವುದು ಸುಲಭವಾಗಿದ್ದರೆ ಬೀಗ ನಿಲ್ಲುತ್ತಿರಲಿಲ್ಲ.

ಆಗ ಪಂಥಕ್ಕಿಟ್ಟ 129 ಅಂಕಿಯ ಸಂಖ್ಯೆಯನ್ನು ಒಡೆಯಲು 400 ಕೋಟಿ ಕೋಟಿ ವರ್ಷ ಬೇಕೆಂದು ಅಂದಾಜು ಮಾಡಲಾಗಿತ್ತು. 1994ರಲ್ಲಿ ಸುಮಾರು 600 ಸ್ವಯಂಸೇವಕರು ತಮ್ಮ ಕಂಪ್ಯೂಟರುಗಳನ್ನು ಕೂಡಿಸಿ, ವರ್ಗ ಜರಡಿ ಹಿಡಿದು, ಎಂಟು ತಿಂಗಳಲ್ಲಿ ಒಡೆದರು. ಯಂತ್ರಗಳು ವೇಗವಾದದ್ದು ನಿಜ, ಆದರೆ ಅಂದಾಜನ್ನು ಬುಡಮೇಲು ಮಾಡಿದ್ದು ಮುಖ್ಯವಾಗಿ ಹೊಸ ಗಣಿತ. 2020ರ ಫೆಬ್ರವರಿಯಲ್ಲಿ 250 ಅಂಕಿಯ ಸಂಖ್ಯೆ ಒಡೆಯಿತು. ಒಂದೇ ಪ್ರೊಸೆಸರ್ ಕೋರ್ ಮಾಡಿದ್ದರೆ ಸುಮಾರು 2,700 ವರ್ಷ ಹಿಡಿಯುವಷ್ಟು ಕೆಲಸ ಅದು. ಈಗ ಸಾಮಾನ್ಯವಾಗಿ ಬಳಕೆಯಲ್ಲಿರುವ ಕೀಲಿಗಳಿಗೆ 617 ಅಂಕಿ.

ಒಂದು ಮಾತನ್ನು ಒತ್ತಿ ಹೇಳಬೇಕು. ಅಪವರ್ತನ ನಿಜಕ್ಕೂ ಕಷ್ಟ ಎಂದು ಇದುವರೆಗೆ ಯಾರೂ ಸಾಧಿಸಿಲ್ಲ. ಜಗತ್ತಿನ ಬ್ಯಾಂಕುಗಳೂ ಸರ್ಕಾರಗಳೂ ಇಷ್ಟು ಕಾಲ ನೆಚ್ಚಿಕೊಂಡದ್ದು ಪ್ರಮೇಯವನ್ನಲ್ಲ, ಬುದ್ಧಿವಂತರು ಬಹುಕಾಲ ಪ್ರಯತ್ನಿಸಿಯೂ ಸುಲಭದ ದಾರಿ ಕಂಡಿಲ್ಲ ಎಂಬ ಅನುಭವವನ್ನು. ಅಂಥ ಅನುಭವಕ್ಕೆ ಎಷ್ಟು ಬೆಲೆ ಕೊಡಬಹುದೆಂಬುದನ್ನು 2002 ತೋರಿಸಿದೆ: ಸಂಭವವನ್ನಾಗಲಿ ಊಹೆಯನ್ನಾಗಲಿ ನೆಚ್ಚದ ವೇಗದ ದಾರಿ ಅವಿಭಾಜ್ಯ ಪರೀಕ್ಷೆಗೂ ಅಲ್ಲಿಯವರೆಗೆ ಕಂಡಿರಲಿಲ್ಲ. ಇನ್ನು ಕ್ವಾಂಟಮ್ ಕಂಪ್ಯೂಟರಿನ ವಿಷಯ. ಸಾಕಷ್ಟು ದೊಡ್ಡ ಕ್ವಾಂಟಮ್ ಯಂತ್ರವಿದ್ದರೆ ಅಪವರ್ತನ ಬೇಗ ಮುಗಿಯುತ್ತದೆ ಎಂದು 1994ರಲ್ಲೇ ಪೀಟರ್ ಶೋರ್ ತೋರಿಸಿದ್ದಾರೆ. ಅಷ್ಟು ದೊಡ್ಡ ಯಂತ್ರ ಇನ್ನೂ ಬಂದಿಲ್ಲ. ಬರುವ ಮುಂಚೆಯೇ ಅಮೆರಿಕದ ಮಾನಕ ಸಂಸ್ಥೆ 2024ರ ಆಗಸ್ಟ್‌ನಲ್ಲಿ ಅಪವರ್ತನವನ್ನು ನೆಚ್ಚದ ಹೊಸ ಗೂಢಲಿಪಿ ಪದ್ಧತಿಗಳನ್ನು ಪ್ರಕಟಿಸಿತು. ಇದು ವಿವೇಕದ ಕೆಲಸ.

2024ರ ಅಕ್ಟೋಬರ್‌ನಲ್ಲಿ ಅಮೆರಿಕದ ಲ್ಯೂಕ್ ಡ್ಯುರಾಂಟ್ ಕಂಡುಕೊಂಡ 2ರ 13,62,79,841ನೇ ಘಾತದಲ್ಲಿ ಒಂದು ಕಡಿಮೆಯಾದ ಸಂಖ್ಯೆ ಅವಿಭಾಜ್ಯ ಎಂದು ಖಚಿತವಾಯಿತು. ಅದರಲ್ಲಿ 4,10,24,320 ಅಂಕಿಗಳಿವೆ. ಕೊನೆಯ ತೀರ್ಪಿಗೆ ಬಳಸಿದ್ದು ಲ್ಯೂಕಾ ಮತ್ತು ಲೆಹ್ಮರ್ ಅವರ ಅದೇ ಪರೀಕ್ಷೆ: 4ರಿಂದ ಹೊರಡುವುದು, ವರ್ಗ ಮಾಡುವುದು, 2 ಕಳೆಯುವುದು. ಅದೇ ಕುಟುಂಬದಲ್ಲಿ 2¹²⁷⁷ − 1 ಎಂಬ ಸಂಖ್ಯೆಯಿದೆ. ಅದಕ್ಕೆ ಇರುವುದು ಬರೀ 385 ಅಂಕಿ. ಅದು ಸಂಯುಕ್ತ ಎಂಬುದು ಬಹಳ ಹಿಂದೆಯೇ ಗೊತ್ತಾಗಿದೆ. ಅದರ ಒಂದೇ ಒಂದು ಅಪವರ್ತನವೂ ಸಿಕ್ಕಿಲ್ಲ. ಘಾತಾಂಕ ಅವಿಭಾಜ್ಯವಾಗಿರುವ ಮರ್ಸೆನ್ ಸಂಖ್ಯೆಗಳಲ್ಲಿ ಹೀಗೆ ಉಳಿದಿರುವ ಅತಿ ಚಿಕ್ಕದು ಇದೇ. ಲೋಕದ ಎಷ್ಟೋ ಕಂಪ್ಯೂಟರುಗಳು ವರ್ಷಗಟ್ಟಲೆ ಇದರ ಮೇಲೆ ದುಡಿದಿವೆ. ಸದ್ಯಕ್ಕೆ ಹೇಳಬಹುದಾದದ್ದು ಇಷ್ಟು: ಅದರ ಪ್ರತಿಯೊಂದು ಅವಿಭಾಜ್ಯ ಅಪವರ್ತನವನ್ನೂ 2554ರಿಂದ ಭಾಗಿಸಿದರೆ ಶೇಷ 1, 8ರಿಂದ ಭಾಗಿಸಿದರೆ ಶೇಷ 1 ಅಥವಾ 7.